ನಿಲ್ಲಲು ಜಾಗ

1975ರ ಜೂನ್ 26, ಗುರುವಾರ. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ಕೆಲವು ಸಂಸದರು ಬೆಂಗಳೂರಿನ ಶಾಸಕರ ಭವನದಲ್ಲಿ ಇಳಿದುಕೊಂಡಿದ್ದರು. ಬೆಳಗ್ಗೆ ದೆಹಲಿಯಿಂದ ಫೋನು ಬಂತು. ರಾತ್ರೋರಾತ್ರಿ ಜಯಪ್ರಕಾಶ ನಾರಾಯಣ, ಮೊರಾರ್ಜಿ ದೇಸಾಯಿ ಮೊದಲಾದವರನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ ಎಂಬ ಸುದ್ದಿ. ಸ್ವಲ್ಪ ಹೊತ್ತಿನಲ್ಲಿ ಪೊಲೀಸರು ಶಾಸಕರ ಭವನಕ್ಕೂ ಬಂದರು. ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಅಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ, ಸಮಾಜವಾದಿ ಮಧು ದಂಡವತೆ, ಈ ನಾಲ್ವರೂ ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಬಂದಿಗಳಾಗಿ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ಸೇರಿದರು.

ಬೆಂಗಳೂರು ಬಲ್ಲವರಿಗೆ ಈ ಜಾಗಗಳ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಶಾಸಕರ ಭವನ, ಅದರ ಹತ್ತಿರ ವಿಧಾನಸೌಧ, ವಿಧಾನಸೌಧದ ಎದುರಿಗೇ ಕೆಂಪು ಬಣ್ಣದ ಅಟ್ಟಾರ ಕಚೇರಿ, ಎಂದರೆ ಹೈಕೋರ್ಟು. ಅಲ್ಲಿಂದ ಜೈಲಿಗೆ ಎರಡು ಕಿಲೋಮೀಟರೂ ಇಲ್ಲ. ಬಂಧಿಸಿದ ಜಾಗ, ಬಂಧಿಸಿಟ್ಟ ಜಾಗ, ಬಂಧನ ಸರಿಯೇ ಎಂದು ಕೇಳಬಹುದಾದ ಜಾಗ ಮೂರೂ ಒಂದು ಬೆಳಗಿನ ವಾಯುವಿಹಾರದಷ್ಟು ದೂರದಲ್ಲಿದ್ದವು. ಆದರೆ ಜೈಲಿನಿಂದ ಹೈಕೋರ್ಟಿನವರೆಗಿನ ಆ ಹಾದಿ ತೆರೆದಿದೆಯೋ ಇಲ್ಲವೋ ಎಂಬ ಪ್ರಶ್ನೆ ತೀರ್ಮಾನವಾಗಲು ಹತ್ತು ತಿಂಗಳು ಹಿಡಿಯಿತು. ತೀರ್ಮಾನವಾದದ್ದು ತಪ್ಪಾಗಿ. ಆ ತಪ್ಪು ಅಧಿಕೃತವಾಗಿ ಅಳಿಯುವುದಕ್ಕೆ ನಲವತ್ತೊಂದು ವರ್ಷ ಬೇಕಾಯಿತು.

ಈ ಕಥೆಯಲ್ಲಿ ಎರಡು ಲ್ಯಾಟಿನ್ ನುಡಿಗಟ್ಟುಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಹೇಬಿಯಸ್ ಕಾರ್ಪಸ್, ಇನ್ನೊಂದು ಲೋಕಸ್ ಸ್ಟ್ಯಾಂಡೈ. ಕಾನೂನಿನ ಲ್ಯಾಟಿನ್ ಎಂದರೆ ವಕೀಲರು ಕಕ್ಷಿದಾರನನ್ನು ಬೆರಗುಗೊಳಿಸಲು ಆಡುವ ಮಾತು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆ ಜೂನ್‌ನಲ್ಲಿ ಹೇರಲಾದ ತುರ್ತು ಪರಿಸ್ಥಿತಿಯ ಬೆಂಗಳೂರನ್ನು ನೋಡಿದರೆ ಹಾಗೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆ ಎರಡು ಮಾತುಗಳ ಅರ್ಥ ಅವತ್ತು ಜನರ ಮೈಮೇಲೆ ಬಂದಿತ್ತು.

ಹೇಬಿಯಸ್ ಎನ್ನುವುದು 'ಇಟ್ಟುಕೊಳ್ಳು', 'ಹೊಂದು' ಎಂಬ ಕ್ರಿಯಾಪದದಿಂದ ಬಂದ ರೂಪ. ಮಧ್ಯಮ ಪುರುಷ, ಏಕವಚನ, ವಿಧಿಯ ಧಾಟಿ. ಕಾರ್ಪಸ್ ಎಂದರೆ ದೇಹ, ಮೈ. ಕನ್ನಡದಲ್ಲಿ ಹೇಳುವುದಾದರೆ 'ನೀನು ಆ ವ್ಯಕ್ತಿಯನ್ನು ದೇಹಸಮೇತ ನಮ್ಮ ಮುಂದೆ ಇರಿಸತಕ್ಕದ್ದು'. ಇಂಗ್ಲಿಷಿಗೆ ಅನುವಾದಿಸಿದಾಗ ಮರೆಯಾಗುವ ಏಕವಚನ ಕನ್ನಡದಲ್ಲಿ ಎದ್ದು ಕಾಣುತ್ತದೆ. ಮಾತು ಸರ್ಕಾರವನ್ನೋ ಇಲಾಖೆಯನ್ನೋ ಉದ್ದೇಶಿಸಿದ್ದಲ್ಲ. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವನನ್ನು, ಆ ಒಬ್ಬನನ್ನು, 'ನೀನು' ಎಂದು ಕರೆದು ಹೇಳಿದ್ದು. ಇವನನ್ನು ಏಕೆ ಹಿಡಿದಿಟ್ಟಿದ್ದೀಯೆ? ಕರೆತಂದು ನಿಲ್ಲಿಸು, ಕಾರಣ ಹೇಳು. ಹೇಳಲು ಕಾರಣವಿಲ್ಲವಾದರೆ ಬಿಡು. ಅರ್ಜಿದಾರ ನಿರಪರಾಧಿಯೆಂದು ಇಲ್ಲಿ ಯಾರೂ ಸಾಧಿಸಬೇಕಿಲ್ಲ. ಬಾಯಿ ಬಿಡಬೇಕಾದವನು ಹಿಡಿದಿಟ್ಟವನು.

ಈ ಆದೇಶಕ್ಕೆ ಇಂಥ ಹೆಸರು ಬಂದದ್ದು ಹೇಗೆಂಬುದು ಕೀರ್ತನೆ ಕೇಳಿ ಬೆಳೆದ ನಮಗೆ ಬೇಗ ತಿಳಿಯುತ್ತದೆ. ದಾಸರ ಪದಗಳಿಗೆ ಬೇರೆ ಶೀರ್ಷಿಕೆಯಿಲ್ಲ, ಪಲ್ಲವಿಯ ಮೊದಲ ಮಾತೇ ಹೆಸರು. ಮಧ್ಯಯುಗದ ಇಂಗ್ಲೆಂಡಿನ ರಾಜನ ಕಚೇರಿಯಿಂದ ಹೊರಟ ಲ್ಯಾಟಿನ್ ಆಜ್ಞಾಪತ್ರಗಳೂ, ಎಂದರೆ ರಿಟ್ಟುಗಳೂ, ಹಾಗೆಯೇ ತಮ್ಮೊಳಗಿನ ಮುಖ್ಯ ಮಾತಿನಿಂದಲೇ ಗುರುತಾದವು. ಮ್ಯಾಂಡಮಸ್ ಎಂದರೆ 'ಆಜ್ಞಾಪಿಸುತ್ತೇವೆ': ಮಾಡಬೇಕಾದ ಕರ್ತವ್ಯವನ್ನು ಮಾಡದೆ ಕೂತ ಅಧಿಕಾರಿಗೆ. ಸರ್ಷಿಯೊರರಿ ಎಂದರೆ 'ಖಚಿತವಾಗಿ ತಿಳಿಸಬೇಕಾಗಿ': ಕೆಳಗಿನ ನ್ಯಾಯಾಲಯದ ಕಡತವನ್ನು ಮೇಲಕ್ಕೆ ತರಿಸಿಕೊಳ್ಳಲು. ಕೋ ವಾರಂಟೋ ಎಂದರೆ 'ಯಾವ ಅಧಿಕಾರದಿಂದ?': ಹುದ್ದೆಯಲ್ಲಿ ಕೂತವನು ಯಾವ ಹಕ್ಕಿನಿಂದ ಕೂತಿದ್ದಾನೆಂದು ಕೇಳಲು. ಇವೆಲ್ಲ ಅರ್ಧಕ್ಕೆ ನಿಂತ ವಾಕ್ಯಗಳು. ಉಳಿದರ್ಧವನ್ನು ಆಯಾ ಪ್ರಕರಣ ತುಂಬಿಕೊಳ್ಳುತ್ತದೆ.

ಇಂಗ್ಲೆಂಡಿನವರು ತಮ್ಮ ನ್ಯಾಯಾಲಯಗಳಿಂದ ಲ್ಯಾಟಿನನ್ನು ಹೊರಗಟ್ಟಲು ಕಡಿಮೆ ಪ್ರಯತ್ನ ಪಡಲಿಲ್ಲ. 1362ರಲ್ಲೇ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು ಕಾನೂನಾಯಿತು, ದಾಖಲೆ ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು. 1733ರಿಂದ ದಾಖಲೆಯೂ ಇಂಗ್ಲಿಷಿಗೆ ಬಂತು. ಆದರೂ ರಿಟ್ಟುಗಳ ಹೆಸರು ಬದಲಾಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಆ ಹೆಸರುಗಳ ಸುತ್ತ ಮುನ್ನೂರು ನಾನೂರು ವರ್ಷಗಳ ಜಗಳ ಬೆಳೆದಿತ್ತು. ರಾಜನ ಅಪ್ಪಣೆಯೇ ಬಂಧನಕ್ಕೆ ಸಾಕಾದ ಕಾರಣವೇ ಎಂಬ ಪ್ರಶ್ನೆಯ ಮೇಲೆ ಪಾರ್ಲಿಮೆಂಟು ದೊರೆಗಳೊಡನೆ ಕಾದಾಡಿತ್ತು. 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಹುಟ್ಟಿದ್ದು ಅದರಿಂದಲೇ. 1771ರಲ್ಲಿ ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನನ್ನು ಸಂಕೋಲೆ ಹಾಕಿ ಥೇಮ್ಸ್ ನದಿಯ ಹಡಗಿನಲ್ಲಿ ಜಮೈಕಾಕ್ಕೆ ಸಾಗಿಸಲು ಹೊರಟಾಗ ಲಂಡನ್ನಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹಡಗಿನ ಕಪ್ತಾನನಿಗೆ ಕಳಿಸಿದ್ದೂ ಇದೇ ಆದೇಶವನ್ನು. 1772ರಲ್ಲಿ ಸಾಮರ್ಸೆಟ್ ಬಿಡುಗಡೆಯಾದ.

ಭಾರತಕ್ಕೆ ಈ ಮಾತು ಕಂಪನಿಯ ಹಡಗಿನಲ್ಲಿ ಬಂತು. 1774ರಲ್ಲಿ ಕಲ್ಕತ್ತಾ, 1801ರಲ್ಲಿ ಮದ್ರಾಸು, 1820ರ ದಶಕದಲ್ಲಿ ಬೊಂಬಾಯಿ, ಹೀಗೆ ಮೂರು ಬಂದರು ಪಟ್ಟಣಗಳಲ್ಲಿ ದೊರೆಯ ಹೆಸರಿನ ಸುಪ್ರೀಂ ಕೋರ್ಟುಗಳು ಸ್ಥಾಪನೆಯಾದವು. ಆದರೆ ಆ ಕೋರ್ಟುಗಳ ಲ್ಯಾಟಿನ್ ಪಟ್ಟಣದ ಗಡಿ ದಾಟಿ ಒಳನಾಡಿಗೆ ಹೋಗಬಹುದೇ? 1828ರಲ್ಲಿ ಬೊಂಬಾಯಿಯಲ್ಲಿ ಈ ಪ್ರಶ್ನೆ ಕೆರಳಿತು. ಪುಣೆಯಲ್ಲಿ ಮೋರೋ ರಘುನಾಥ ಎಂಬ ಬಾಲಕನನ್ನು ಅವನ ಹಿರಿಯ ಬಂಧು ಪಾಂಡುರಂಗ ರಾಮಚಂದ್ರ ತಡೆದಿಟ್ಟುಕೊಂಡಿದ್ದಾನೆಂದು ನೆಂಟರು ದೂರು ತಂದರು. ಕೋರ್ಟು ಹೇಬಿಯಸ್ ಕಾರ್ಪಸ್ ಹೊರಡಿಸಿತು. ಗವರ್ನರ್ ಜಾನ್ ಮಾಲ್ಕಮ್ ಅದನ್ನು ಜಾರಿಗೆ ಕೊಡಲು ಒಪ್ಪಲಿಲ್ಲ. ಹುಡುಗ ಬೊಂಬಾಯಿಯವನಲ್ಲ, ಪುಣೆಯ ಮರ್ಯಾದಸ್ಥರ ಮನೆಗೆ ಕೋರ್ಟಿನ ಜವಾನ ಹೋದರೆ ರಾಜ್ಯವೇ ಅಲ್ಲಾಡೀತು ಎಂಬುದು ಅವನ ಆತಂಕ. ಅದೇ ವರ್ಷ ಇಬ್ಬರು ನ್ಯಾಯಾಧೀಶರು ತೀರಿಕೊಂಡು, ಉಳಿದ ಒಬ್ಬನೇ ಒಬ್ಬ ಸರ್ ಜಾನ್ ಗ್ರಾಂಟ್ 1829ರ ಏಪ್ರಿಲ್‌ನಲ್ಲಿ ಕೋರ್ಟಿನ ಬಾಗಿಲನ್ನೇ ಮುಚ್ಚಿಬಿಟ್ಟ. ತನ್ನ ಆದೇಶ ನಡೆಯದ ಮೇಲೆ ನ್ಯಾಯಪೀಠದಲ್ಲಿ ಕೂರುವುದೇಕೆ ಎಂಬ ನಿಲುವು ಅವನದು. ಲಂಡನ್ನಿನ ಪ್ರಿವಿ ಕೌನ್ಸಿಲು ಗವರ್ನರನ ಪರ ನಿಂತಿತು. 1818ರ ನಂತರ ಧಾರವಾಡ, ಬೆಳಗಾವಿಗಳು ಇದೇ ಬೊಂಬಾಯಿ ಆಡಳಿತಕ್ಕೆ ಸೇರಿದ್ದವು. ಆದ್ದರಿಂದ ಪುಣೆಯ ಹುಡುಗನ ಪಾಲಿಗೆ ಮುಚ್ಚಿದ ಬಾಗಿಲು ಕನ್ನಡದ ಒಳನಾಡಿಗೂ ಮುಚ್ಚಿದ ಹಾಗಾಯಿತು.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಬಂತು, 1930ರಲ್ಲಿ ಅದೇ ಹೈಕೋರ್ಟಾಯಿತು. ರಿಟ್ ಹೊರಡಿಸುವ ರಾಜವಿಶೇಷ ಅಧಿಕಾರ ಮಾತ್ರ ಹಳೆಯ ಮೂರು ಸುಪ್ರೀಂ ಕೋರ್ಟುಗಳ ಜಾಗಕ್ಕೆ ಬಂದ ಪ್ರೆಸಿಡೆನ್ಸಿ ಹೈಕೋರ್ಟುಗಳ ಸೊತ್ತಾಗಿಯೇ ಉಳಿದಿತ್ತು. 1950ರ ಜನವರಿ 26ರಂದು ಆ ಬೇಲಿ ಬಿತ್ತು. ಸಂವಿಧಾನದ 226ನೇ ವಿಧಿ ಪ್ರತಿಯೊಂದು ಹೈಕೋರ್ಟಿಗೂ ಈ ರಿಟ್ಟುಗಳನ್ನು ಹೆಸರು ಹಿಡಿದು ಕೊಟ್ಟಿತು. ಕಲ್ಕತ್ತಾದ ವ್ಯಾಪಾರಿಗೆ ಇದ್ದ ದಾರಿ ಕೊಳ್ಳೇಗಾಲದ ರೈತನಿಗೂ ಸಿಕ್ಕಿತು. ದೊರೆಯ ಆಜ್ಞೆಯಾಗಿದ್ದದ್ದು ಪ್ರಜೆಯ ಹಕ್ಕಾಯಿತು, ಹೆಸರು ಮಾತ್ರ ಹಳೆಯ ಲ್ಯಾಟಿನ್ನಿನದೇ.

ನಮ್ಮ ಜನ ಅದನ್ನು ಬಳಸಲು ತಡಮಾಡಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಅಣ್ಣಯ್ಯಗೌಡರನ್ನು ಇಂಗ್ಲಿಷ್ ರೀಡರ್ ಆಗಿ ನೇಮಿಸಿದಾಗ, ಯಾವ ಅಧಿಕಾರದಿಂದ ಎಂದು ಕೇಳುವ ಕೋ ವಾರಂಟೋ ಅರ್ಜಿ ಹೈಕೋರ್ಟಿಗೆ ಬಂತು. ಹೈಕೋರ್ಟು ನೇಮಕವನ್ನು ರದ್ದು ಮಾಡಿತು. 1963ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿ, ವಿದ್ವಾಂಸರ ಆಯ್ಕೆ ಸಮಿತಿಯ ಅಭಿಪ್ರಾಯದಲ್ಲಿ ನ್ಯಾಯಾಲಯ ಸುಲಭವಾಗಿ ಕೈಹಾಕಬಾರದು ಎಂದಿತು. ಕೋ ವಾರಂಟೋ ಎಂದರೇನೆಂದು ಕಲಿಯುವ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಮೈಸೂರಿನ ಈ ಪ್ರಕರಣದಿಂದಲೇ ಶುರುಮಾಡುತ್ತಾರೆ.

ಆದರೂ ಲ್ಯಾಟಿನ್ ನಮ್ಮ ಬೀದಿಗೆ ಇಳಿಯಲಿಲ್ಲ. ಪಾರಸಿ, ಅರಬ್ಬಿ ಮಾತುಗಳು ಇಳಿದವು: ವಕೀಲ, ಅರ್ಜಿ, ಫಿರ್ಯಾದಿ, ತಕರಾರು, ಜಪ್ತಿ, ವಾಯಿದೆ, ಜಾಮೀನು. ಹೈಕೋರ್ಟಿನ ಹೆಸರೂ ಹಿಂದುಸ್ತಾನಿಯದೇ: ಅಟ್ಟಾರ ಎಂದರೆ ಹದಿನೆಂಟು, ಹದಿನೆಂಟು ಇಲಾಖೆಗಳಿದ್ದ ಕಟ್ಟಡವಾದ್ದರಿಂದ ಅಟ್ಟಾರ ಕಚೇರಿ. ಪಾರಸಿ ಆಡಳಿತದ ಜೊತೆ ಹಳ್ಳಿಯ ಚಾವಡಿಗೆ ಬಂದ ಭಾಷೆ, ಲ್ಯಾಟಿನ್ ಪುಸ್ತಕದ ಜೊತೆ ಗ್ರಂಥಾಲಯಕ್ಕೆ ಬಂದ ಭಾಷೆ. ಕನ್ನಡದ ಕಾನೂನು ಬರಹದಲ್ಲಿ ಹೇಬಿಯಸ್ ಕಾರ್ಪಸ್ಸಿಗೆ 'ಬಂದಿ ಪ್ರತ್ಯಕ್ಷೀಕರಣ' ಎಂಬ ಪದ ಬಂದಿದೆ. ಒಳ್ಳೆಯ ಪದವೇ, ಬಂದಿಯನ್ನು ಕಣ್ಣೆದುರು ತರುವುದು ಎಂಬ ಅರ್ಥ ಸರಿಯಾಗಿ ಹೊಂದುತ್ತದೆ. ಆದರೆ ಲ್ಯಾಟಿನ್ನಿನಲ್ಲಿದ್ದ 'ಮೈ' ಅದರಲ್ಲಿ ಜಾರಿಹೋಗಿದೆ. ಈ ಕಥೆಗೆ ಬೇಕಾದದ್ದು ಆ ಮೈಯೇ.

ಮತ್ತೆ ಬೆಂಗಳೂರು ಜೈಲಿಗೆ ಹೋಗೋಣ. ಬಂಧನದ ಮಾರನೆಯ ದಿನ, ಜೂನ್ 27ರಂದು, ರಾಷ್ಟ್ರಪತಿಯ ಆದೇಶ ಹೊರಟಿತು. ಸಂವಿಧಾನದ 359ನೇ ವಿಧಿಯಡಿ ಹೊರಟ ಆ ಆದೇಶದ ಪ್ರಕಾರ 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ, ಎಂದರೆ ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧನದ ವಿರುದ್ಧದ ರಕ್ಷಣೆಗಳಿಗಾಗಿ, ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಮೀಸಾ ಕಾಯ್ದೆಗೂ ತಿದ್ದುಪಡಿಗಳು ಬಂದವು. ಬಂಧನದ ಕಾರಣವನ್ನು ಬಂದಿಗೆ ಹೇಳಬೇಕಿಲ್ಲ, ಕೊನೆಗೆ ನ್ಯಾಯಾಲಯಕ್ಕೂ ತೋರಿಸಬೇಕಿಲ್ಲ ಎಂಬಲ್ಲಿಗೆ ಬಂದು ನಿಂತಿತು.

ಇಷ್ಟಾದರೂ ನಾಲ್ವರೂ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವರ ಪರ ನಿಂತ ಬೆಂಗಳೂರಿನ ವಕೀಲರಲ್ಲಿ ಶಿವಮೊಗ್ಗ ಸೀಮೆಯ ಆರಗದಿಂದ ಬಂದ ಎಂ. ರಾಮಾ ಜೋಯಿಸ್ ಮತ್ತು ಎನ್. ಸಂತೋಷ್ ಹೆಗ್ಡೆ ಮುಖ್ಯರು. ಸಂತೋಷ್ ಹೆಗ್ಡೆಯವರ ತಂದೆ ಕೆ.ಎಸ್. ಹೆಗ್ಡೆ ಎರಡು ವರ್ಷದ ಹಿಂದಷ್ಟೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಹೆಸರಿನ ಪ್ರಕರಣದಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸಲಾರದು ಎಂದ ಏಳು ಮಂದಿಯಲ್ಲಿ ಅವರೊಬ್ಬರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಅದರ ಬೆನ್ನಿಗೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ಹೊರನಡೆದರು. ಮಗ ವಾದಿಸಲು ಹೊರಟ ಪ್ರಕರಣ ಕೊನೆಗೆ ಹೋಗಿ ಸೇರುವುದು ಅದೇ ರೇ ಅವರ ಪೀಠಕ್ಕೆ.

ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಹಳೆಯ ಬಂಧನ ಆದೇಶವನ್ನು ಹಿಂತೆಗೆದು ಹೊಸದನ್ನು ಹೊರಡಿಸಿತು. ಬಂದಿಗಳನ್ನು ಕೆಲಕಾಲ ದೂರದ ರೋಹ್ಟಕ್ ಜೈಲಿಗೂ ಸಾಗಿಸಿ ಮತ್ತೆ ಬೆಂಗಳೂರಿಗೆ ತರಲಾಯಿತು. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಬಿ. ವೆಂಕಟಸ್ವಾಮಿ ಅವರ ಪೀಠದ ಮುಂದೆ ಸರ್ಕಾರದ ವಾದ ಒಂದೇ: ಅರ್ಜಿಯಲ್ಲಿ ಏನಿದೆಯೆಂದು ನೋಡುವುದೇ ಬೇಡ, ಇವರಿಗೆ ಲೋಕಸ್ ಸ್ಟ್ಯಾಂಡೈ ಇಲ್ಲ.

ಲೋಕಸ್ ಎಂದರೆ ಜಾಗ. ಸ್ಟ್ಯಾಂಡೈ ಎಂದರೆ ನಿಲ್ಲುವುದರ. ನಿಲ್ಲಲು ಜಾಗ. ನ್ಯಾಯಾಲಯದ ಮುಂದೆ ನಿಂತು ಮಾತಾಡುವ ಅರ್ಹತೆ ಯಾರಿಗಿದೆ ಎಂದು ಕೇಳುವ ಮಾತು ಇದು. ಸಾಮಾನ್ಯ ದಿನಗಳಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. ಪಕ್ಕದೂರಿನವರ ಗದ್ದೆಯ ವ್ಯಾಜ್ಯದಲ್ಲಿ ಸಂಬಂಧವಿಲ್ಲದ ನಾನು ದಾವೆ ಹೂಡಿದರೆ, ನಿನಗೇನು ಲೋಕಸ್ ಎಂದು ಕೇಳಬೇಕಾದದ್ದೇ. ಆದರೆ ತಾನೇ ಜೈಲಿನಲ್ಲಿರುವವನು ತನ್ನ ಬಿಡುಗಡೆ ಕೇಳಿದಾಗ ಅವನಿಗೇ ನಿಲ್ಲಲು ಜಾಗವಿಲ್ಲ ಎನ್ನುವುದು ಬೇರೆ ಸಂಗತಿ. ಒಂದು ಲ್ಯಾಟಿನ್ ಮಾತು ಆ ಮೈಯನ್ನು ಇಲ್ಲಿಗೆ ತಾ ಎನ್ನುತ್ತದೆ, ಇನ್ನೊಂದು ಆ ಮೈಗೆ ಇಲ್ಲಿ ಜಾಗವೇ ಇಲ್ಲ ಎನ್ನುತ್ತದೆ. ಎರಡರಲ್ಲಿ ಒಂದು ಸೋಲಲೇಬೇಕಿತ್ತು.

ಅಟ್ಟಾರ ಕಚೇರಿಯಲ್ಲಿ ಸೋತದ್ದು ಎರಡನೆಯದು. ಪೀಠ ಸರ್ಕಾರದ ಆಕ್ಷೇಪಣೆಯನ್ನು ಒಪ್ಪಲಿಲ್ಲ. ಬಂಧನ ಕಾಯ್ದೆಗೆ ಅನುಗುಣವಾಗಿದೆಯೇ ಎಂದು ನೋಡುವ ಅಧಿಕಾರ ತನಗಿದೆ ಎಂದಿತು. ಅಲಹಾಬಾದ್, ದೆಹಲಿ, ಮಧ್ಯಪ್ರದೇಶ, ರಾಜಸ್ಥಾನ ಮುಂತಾದ ಹೈಕೋರ್ಟುಗಳೂ ಅದೇ ದಾರಿ ಹಿಡಿದವು. ಅವತ್ತಿನ ಹವೆಯನ್ನು ನೆನೆದರೆ ಈ ನ್ಯಾಯಮೂರ್ತಿಗಳ ಧೈರ್ಯಕ್ಕೆ ಕೈ ಮುಗಿಯಬೇಕೆನಿಸುತ್ತದೆ. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ವಾದಿಸುವ ವಕೀಲನೂ ಸುರಕ್ಷಿತನಲ್ಲ: ರಾಮಾ ಜೋಯಿಸರನ್ನೇ ಮೀಸಾ ಅಡಿ ಹಿಡಿದು, ಅವರ ಕಕ್ಷಿದಾರರಿದ್ದ ಜೈಲಿಗೇ ಹಾಕಲಾಯಿತು.

ಸರ್ಕಾರ ಎಲ್ಲ ಹೈಕೋರ್ಟುಗಳ ಆದೇಶಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಮಧ್ಯಪ್ರದೇಶದ ಮೇಲ್ಮನವಿ ಮೊದಲಿಗಿದ್ದುದರಿಂದ ಪ್ರಕರಣಕ್ಕೆ ಜಬಲ್ಪುರದ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಶಿವಕಾಂತ ಶುಕ್ಲ ಎಂಬ ಹೆಸರಾಯಿತು. ಬೆಂಗಳೂರಿನ ಅರ್ಜಿಗಳು ಅದರೊಳಗೆ ಸೇರಿಕೊಂಡವು. 1975ರ ಡಿಸೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಮುಂದೆ ವಾದ ಆರಂಭವಾಯಿತು. ಅದರ ನಡುವಿನ ಒಂದು ಪ್ರಶ್ನೋತ್ತರವನ್ನು ದೇಶದ ನ್ಯಾಯಾಲಯಗಳ ಚರಿತ್ರೆ ಮರೆತಿಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೂ ಕೇಳುವವರಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಉತ್ತರ.

1976ರ ಏಪ್ರಿಲ್ 28ರಂದು ತೀರ್ಪು ಬಂತು. ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ನಾಲ್ವರೂ ಸರ್ಕಾರದ ಕಡೆ. ತೀರ್ಪಿನ ತಿರುಳು ಒಂದೇ ವಾಕ್ಯದಲ್ಲಿದೆ, ಆ ವಾಕ್ಯದ ಬೆನ್ನೆಲುಬು ಲ್ಯಾಟಿನ್. ಜೂನ್ 27ರ ಆದೇಶ ಜಾರಿಯಲ್ಲಿರುವವರೆಗೆ ಹೇಬಿಯಸ್ ಕಾರ್ಪಸ್ ಕೇಳಿ ಹೈಕೋರ್ಟಿಗೆ ಹೋಗಲು ಯಾರಿಗೂ ಲೋಕಸ್ ಸ್ಟ್ಯಾಂಡೈ ಇಲ್ಲ. ಬಂಧನ ಕಾಯ್ದೆಗೆ ಅನುಗುಣವಾಗಿಲ್ಲ ಎಂದರೂ ಇಲ್ಲ, ಅಕ್ರಮ ಎಂದರೂ ಇಲ್ಲ, ಮಾಲಾ ಫೈಡ್ ಎಂದರೂ ಇಲ್ಲ. ಮಾಲಾ ಫೈಡ್ ಎಂದರೆ ಕೆಟ್ಟ ನಂಬುಗೆಯಿಂದ, ದುರುದ್ದೇಶದಿಂದ. ದ್ವೇಷಕ್ಕೇ ಬಂಧಿಸಿದ್ದಾರೆಂದು ಬಾಯಿ ಬಿಟ್ಟು ಹೇಳುವುದಕ್ಕೂ ಜಾಗವಿಲ್ಲ ಎಂದಂತಾಯಿತು.

ನ್ಯಾಯಮೂರ್ತಿ ಬೇಗ್ ತಮ್ಮ ಭಾಗದ ತೀರ್ಪಿನಲ್ಲಿ, ಬಂದಿಗಳಿಗೆ ಒಳ್ಳೆಯ ಊಟ ವಸತಿ ಸಿಗುತ್ತಿದೆ, ಸರ್ಕಾರದ ಕಾಳಜಿ ಹೆಚ್ಚುಕಡಿಮೆ ತಾಯಿಯದರಂತಿದೆ ಎಂದು ಬರೆದರು. ಭಿನ್ನಮತ ಒಂದೇ ಒಂದು, ಖನ್ನಾ ಅವರದು. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನದ 21ನೇ ವಿಧಿ ದಯಪಾಲಿಸಿದ ಕೊಡುಗೆಯಲ್ಲ, ಆ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಕಿತ್ತುಕೊಳ್ಳುವ ಅಧಿಕಾರ ಪ್ರಭುತ್ವಕ್ಕಿಲ್ಲ ಎಂಬುದು ಅವರ ನಿಲುವು. ಒಂಬತ್ತು ತಿಂಗಳ ನಂತರ, 1977ರ ಜನವರಿಯಲ್ಲಿ, ಹಿರಿತನದಲ್ಲಿ ಮುಂದಿದ್ದ ಅವರನ್ನು ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪು ಬಂದ ಮೂರನೆಯ ದಿನ, ಮೇ 1ರಂದು, ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಭೂಗತರಾಗಿದ್ದ ಅಣ್ಣ, ಸಮಾಜವಾದಿ ನಾಯಕ ಜಾರ್ಜ್ ಎಲ್ಲಿದ್ದಾರೆಂದು ಹೇಳಿಸಲು ದಿನಗಟ್ಟಲೆ ಹೊಡೆದರು. ನಡೆಯಲಾರದ ಸ್ಥಿತಿಗೆ ಬಂದ ಮಗನನ್ನು ನೋಡಿದ ತಾಯಿ ಆಲಿಸ್ ಫರ್ನಾಂಡಿಸ್ ನಡೆದದ್ದನ್ನೆಲ್ಲ ಬರೆದು ರಾಷ್ಟ್ರಪತಿಗೆ ಪತ್ರ ಕಳಿಸಿದರು.

ಮಾರನೆಯ ದಿನ, ಮೇ 2ರಂದು, ಸ್ನೇಹಲತಾ ರೆಡ್ಡಿ ಬಂಧನವಾಯಿತು. 1970ರ ಸಂಸ್ಕಾರ ಚಿತ್ರ ನೋಡಿದ ಕನ್ನಡಿಗರಿಗೆ ಅವರ ಪರಿಚಯ ಹೇಳಬೇಕಿಲ್ಲ, ಅವರೇ ಚಂದ್ರಿ. ಆ ಚಿತ್ರ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ಅವರ ಪತಿ, ಆಂಧ್ರದ ನೆಲ್ಲೂರಿನವರು, ತೆಲುಗು ಕವಿ. ಲೋಹಿಯಾ ವಿಚಾರದ ಈ ದಂಪತಿಯ ಬೆಂಗಳೂರಿನ ಮನೆ ಲೇಖಕರು, ಸಮಾಜವಾದಿಗಳು, ರಂಗಕರ್ಮಿಗಳು ಸೇರುವ ಮನೆಯಾಗಿತ್ತು. ಜಾರ್ಜ್ ಫರ್ನಾಂಡಿಸರ ಜೊತೆಗಿನ ಒಡನಾಟವೇ ಸ್ನೇಹಲತಾ ಅವರ ಬಂಧನಕ್ಕೆ ಸಾಕಾಯಿತು. ಜಾರ್ಜ್ ಮತ್ತು ಸಂಗಡಿಗರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಆದರೂ ಮೀಸಾ ಅಡಿ ಅವರು ಎಂಟು ತಿಂಗಳು ಶೇಷಾದ್ರಿ ರಸ್ತೆಯ ಅದೇ ಜೈಲಿನಲ್ಲಿದ್ದರು. ಅವರಿಗೆ ತೀವ್ರ ಅಸ್ತಮಾ ಇತ್ತು. ರಾತ್ರಿಯ ಮೌನದಲ್ಲಿ ಅವರ ಕೋಣೆಯಿಂದ ಬರುತ್ತಿದ್ದ ಚೀತ್ಕಾರ ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ಮಧು ದಂಡವತೆ ಬರೆದಿದ್ದಾರೆ.

ಹೇಬಿಯಸ್ ಕಾರ್ಪಸ್ಸಿನ ಕಾರ್ಪಸ್ ಎಂದರೆ ಏನೆಂದು ನನಗೆ ನಿಜವಾಗಿ ತಿಳಿದದ್ದು ಈ ಒಂದು ವಿವರವನ್ನು ಓದಿದಾಗ. ಉಸಿರು ಹಿಡಿದ ಒಂದು ಎದೆಗೂಡು. ಅದನ್ನು ಹೈಕೋರ್ಟಿಗೆ ಕರೆತರಿಸಿದ್ದರೆ ಯಾವ ವಾದವೂ ಬೇಕಿರಲಿಲ್ಲ, ನ್ಯಾಯಮೂರ್ತಿಗಳು ಕಣ್ಣಾರೆ ಕಾಣುತ್ತಿದ್ದರು, ಕಿವಿಯಾರೆ ಕೇಳುತ್ತಿದ್ದರು. ದೇಹವನ್ನೇ ತಾ ಎಂದು ಹಳಬರು ಆದೇಶ ಬರೆದದ್ದು ಅದಕ್ಕಾಗಿಯೇ. ಕಾಗದ ಸುಳ್ಳು ಹೇಳಬಹುದು, ಜೈಲರು ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ. ದೆಹಲಿಯ ತೀರ್ಪಿನಲ್ಲಿ ತಾಯಿಯ ಕಾಳಜಿ ಎಂದು ಬರೆದದ್ದು ಸಾಧ್ಯವಾದದ್ದೂ ಆ ಮೈಗಳು ಯಾವ ನ್ಯಾಯಮೂರ್ತಿಯ ಎದುರಿಗೂ ಬರದಿದ್ದುದರಿಂದಲೇ.

ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಸ್ನೇಹಲತಾ ಅವರನ್ನು ಪೆರೋಲ್ ಮೇಲೆ ಬಿಟ್ಟರು. ಐದನೆಯ ದಿನ, ಜನವರಿ 20ರಂದು, ಅವರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ದರು.

ಅಟ್ಟಾರ ಕಚೇರಿಯ ನ್ಯಾಯಮೂರ್ತಿಗಳೂ ಬೆಲೆ ತೆತ್ತರು. 1976ರಲ್ಲಿ ದೇಶದಾದ್ಯಂತ ಹದಿನಾರು ಹೈಕೋರ್ಟು ನ್ಯಾಯಮೂರ್ತಿಗಳನ್ನು ಎತ್ತಂಗಡಿ ಮಾಡಲಾಯಿತು. ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋದರು. ಕರ್ನಾಟಕದ ಇನ್ನೊಬ್ಬರು, ಎಂ. ಸದಾನಂದಸ್ವಾಮಿ, ಗುವಾಹಟಿಗೆ. ಕಾಲ ತಿರುಗಿದ ಮೇಲೆ ಚಂದ್ರಶೇಖರ್ ಅಲಹಾಬಾದಿನಲ್ಲೇ ಮುಖ್ಯ ನ್ಯಾಯಮೂರ್ತಿಯಾಗಿ, 1978ರಲ್ಲಿ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ಕೆಂಪು ಕಟ್ಟಡಕ್ಕೆ ಹಿಂತಿರುಗಿದರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಲ್ಲಿ ವಿಚಾರಣೆಯಿಲ್ಲದೆ ಬಂಧನವಾದವರು ಒಂದು ಲಕ್ಷಕ್ಕೂ ಹೆಚ್ಚು. 1978ರ 44ನೇ ತಿದ್ದುಪಡಿ, ಎಂಥ ತುರ್ತು ಬಂದರೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತು ಮಾಡುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆಯಿತು.

ಸಂವಿಧಾನ ಬದಲಾದರೂ ತೀರ್ಪು ಹಾಗೆಯೇ ನಿಂತಿತ್ತು. ಇಲ್ಲಿ ಇನ್ನೊಂದು ಲ್ಯಾಟಿನ್ ಮಾತಿನ ಪಾತ್ರವಿದೆ: ಸ್ಟೇರಿ ಡಿಸೈಸಿಸ್. ಹಿಂದೆ ತೀರ್ಮಾನವಾದದ್ದರ ಜೊತೆ ನಿಲ್ಲು, ನೆಲೆಗೊಂಡದ್ದನ್ನು ಕದಡಬೇಡ ಎಂಬ ತತ್ವ. ಸ್ಟೇರಿ ಮತ್ತು ಸ್ಟ್ಯಾಂಡೈ ಒಂದೇ ಧಾತುವಿನ ಎರಡು ರೂಪ, 'ನಿಲ್ಲು' ಎಂಬ ಧಾತುವಿನದು. ಮನುಷ್ಯನಿಗೆ ನಿಲ್ಲಲು ಜಾಗವಿಲ್ಲ ಎಂದ ತೀರ್ಪಿಗೆ ತಾನು ನಿಲ್ಲಲು ನಾಲ್ಕು ದಶಕದ ಜಾಗ ಸಿಕ್ಕಿತು. ಅದನ್ನು ಅಲುಗಿಸಲು ಅದಕ್ಕಿಂತ ದೊಡ್ಡ ಪೀಠ ಬೇಕಿತ್ತು, ಆ ಪೀಠ ಸೇರಲು ಒಂದು ನೆಪ ಬೇಕಿತ್ತು.

ನೆಪ ಮತ್ತೆ ಬೆಂಗಳೂರಿನಿಂದಲೇ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 1926ರಲ್ಲಿ ಹುಟ್ಟಿದವರು, ತುರ್ತು ಪರಿಸ್ಥಿತಿ ಮುಗಿದ ವರ್ಷ, 1977ರಲ್ಲಿ, ನ್ಯಾಯಮೂರ್ತಿಯಾದವರು. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಬೆರಳಚ್ಚು, ಕಣ್ಣಿನ ಪಾಪೆ: ಇಲ್ಲೂ ಪ್ರಶ್ನೆ ಮೈಯದೇ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ 1954 ಮತ್ತು 1962ರ ಹಳೆಯ ದೊಡ್ಡ ಪೀಠಗಳ ತೀರ್ಪು ತೋರಿಸಿದಾಗ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ದಾರಿಯಲ್ಲೇ 1976ರ ತೀರ್ಪನ್ನೂ ಎತ್ತಿಕೊಂಡು, ಅದು ತೀರಾ ದೋಷಪೂರ್ಣ, ಅದನ್ನು ತಳ್ಳಿಹಾಕಿದೆ ಎಂದು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅವರು ಅಳಿಸಿದ್ದು ತಮ್ಮ ತಂದೆಯೂ ಸಹಿ ಹಾಕಿದ್ದ ತೀರ್ಪನ್ನು. ಆ ಅಭಿಪ್ರಾಯಕ್ಕೆ ಸಹಮತ ಕೊಟ್ಟವರಲ್ಲಿ ಮೂಡುಬಿದಿರೆ ಕಡೆಯವರಾದ, ಬೆಂಗಳೂರಿನ ಹೈಕೋರ್ಟಿನಲ್ಲೇ ವಕೀಲರಾಗಿ ಬೆಳೆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಒಬ್ಬರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ರಾಮಾ ಜೋಯಿಸರು, ಮುಂದೆ ಪಂಜಾಬ್ ಮತ್ತು ಹರಿಯಾಣದ ಮುಖ್ಯ ನ್ಯಾಯಮೂರ್ತಿಯೂ ಎರಡು ರಾಜ್ಯಗಳ ರಾಜ್ಯಪಾಲರೂ ಆಗಿ, 2021ರಲ್ಲಿ ಕಣ್ಣು ಮುಚ್ಚುವ ಮೊದಲು ತಾವು ಸೋತ ಪ್ರಕರಣ ಗೆದ್ದದ್ದನ್ನು ನೋಡಿದ್ದರು.

ಶೇಷಾದ್ರಿ ರಸ್ತೆಯ ಜೈಲು ಈಗ ಅಲ್ಲಿಲ್ಲ, ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋಗಿ ಎಷ್ಟೋ ವರ್ಷಗಳಾದವು. ಹಳೆಯ ಬ್ಯಾರಕ್ಕುಗಳಲ್ಲಿ ಕೆಲವನ್ನೂ ನಡುವಿನ ಕಾವಲು ಗೋಪುರವನ್ನೂ ಉಳಿಸಿಕೊಂಡು ಅದನ್ನು ಉದ್ಯಾನ ಮಾಡಿದ್ದಾರೆ. ಹೆಸರು ಫ್ರೀಡಂ ಪಾರ್ಕ್. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಕಬ್ಬಿನ ಬಾಕಿ ಕೇಳುವ ರೈತರು ಜಿಲ್ಲೆಗಳಿಂದ ರಾತ್ರಿ ಬಸ್ಸು ಹಿಡಿದು ಬಂದು ಬೆಳಗ್ಗೆ ಅಲ್ಲಿ ಇಳಿಯುತ್ತಾರೆ. ರಾಜಧಾನಿಯಲ್ಲಿ ಧರಣಿ ನಡೆಸುವವರಿಗೆ ಸರ್ಕಾರ ಗೊತ್ತುಮಾಡಿಕೊಟ್ಟಿರುವ ಜಾಗ ಅದೇ.